ಸೈಕಲ್ ಅಡ್ಡ ಬಂತಂತೆ

ಸೈಕಲ್ ಅಡ್ಡ ಬರಲಿಲ್ಲ. ಕಾರು ಹಿಂದಿನಿಂದ ಬಂತು. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಆಮೇಲೆ ಗಂಡಸರು ಕಟ್ಟೆಯ ಮೇಲೆ ಕೂತು ಹೊಸೆದದ್ದು.

ನಮ್ಮ ಮನೆಯ ಬಾಗಿಲು ಆದವಾನಿ ಪಟ್ಟಣಕ್ಕೆ ಹೋಗುವ ರಸ್ತೆಗೇ ತೆರೆಯುತ್ತದೆ. ನಾನು ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ, ಎಲ್ಲ ನನ್ನ ಕಣ್ಣೆದುರಿಗೇ ಆಯಿತು. ನನ್ನ ಸೊಸೆ ಸೈಕಲ್ ಸಮೇತ ಬಿದ್ದಿದ್ದಳು. ಕಾರಿನವನು ಇಳಿದ. ಇಳಿದವನೇ ಮೊದಲು ಬಗ್ಗಿ ತನ್ನ ಕಾರಿನ ಮೂತಿ ನೋಡಿದ, ಅಂಗೈಯಿಂದ ಸವರಿದ, ಆಮೇಲೆ ಅವಳ ಕಡೆ ತಿರುಗಿದ. ಪಟ್ಟಣದ ತೆಲುಗಿನವನು. "ಸೈಕಿಲ್ ಅಡ್ಡಂ ವಚ್ಚಿಂದಮ್ಮಾ" ಎಂದ. ಅಷ್ಟರಲ್ಲಿ ಓಡಿ ಬಂದಿದ್ದ ನಮ್ಮ ಊರಿನವರು ಅದನ್ನೇ ಕನ್ನಡಕ್ಕೆ ತಿರುಗಿಸಿದರು: "ಹೌದೌದು, ಸೈಕಲ್ಲ ಅಡ್ಡ ಬಂತು."

ನಮ್ಮ ಗಡಿ ಕಡೆ ಎಲ್ಲರಿಗೂ ಎರಡು ಭಾಷೆ ಬರುತ್ತದೆ. ಎರಡರಲ್ಲೂ ಸೈಕಲ್ಲೇ ಅಡ್ಡ ಬರುತ್ತದೆ. ಬೆಕ್ಕು ಅಡ್ಡ ಬರುತ್ತದೆ, ನನ್ನಂಥ ಗಂಡ ಸತ್ತವಳು ಅಡ್ಡ ಬರುತ್ತಾಳೆ, ಸೈಕಲ್ ಅಡ್ಡ ಬರುತ್ತದೆ. ಕಾರು ಅಡ್ಡ ಬಂತೆಂದು ಯಾರಾದರೂ ಹೇಳಿದ್ದನ್ನು ಈ ವಯಸ್ಸಿನವರೆಗೆ ನಾನು ಕೇಳಿಲ್ಲ.

ಅವಳು ರಸ್ತೆಯ ನಡುವೆ ಯಾಕಿದ್ದಳು ಎಂದು ಕೇಳಿದರು. ಎಡಗಡೆ ಶೇಂಗಾ ಇತ್ತು, ಅದಕ್ಕೆ. ಮೊದಲೆಲ್ಲ ಕಾಳು ಕಡಿ ಒಣಗುತ್ತಿದ್ದದ್ದು ಮಾಳಿಗೆಯ ಮೇಲೆ. ಈಗ ಮಾಳಿಗೆ ಹತ್ತಬೇಕೆಂದರೆ ಊರಿಗೆಲ್ಲ ಮೊಣಕಾಲು ನೋವು, ನಿನ್ನೆ ಮದುವೆಯಾದವನಿಗೂ ಮೊಣಕಾಲು ನೋವು. ಸರ್ಕಾರ ಟಾರು ಹಾಕಿದ್ದೇ ತಮ್ಮ ಬೆಳೆ ಒಣಗಿಸಲಿಕ್ಕೆ ಎಂದು ತಿಳಿದಿದ್ದಾರೆ. ಅರ್ಧ ರಸ್ತೆಗೆ ಹರಡುತ್ತಾರೆ, ಗಾಡಿಗಳು ಹತ್ತದಿರಲೆಂದು ಅಂಚಿಗೆ ತಲೆ ಗಾತ್ರದ ಕಲ್ಲುಗಳನ್ನು ಸಾಲಾಗಿ ಇಡುತ್ತಾರೆ. ಬೆಳೆಗೆ ಕಲ್ಲಿನ ಕಾವಲು. ಸೈಕಲ್ ತುಳಿಯುವವಳಿಗೆ ಯಾವ ಕಾವಲೂ ಇಲ್ಲ. ಆ ಸಾಲಿನಲ್ಲಿ ಪಕ್ಕದ ಮನೆಯವನದಿತ್ತು, ಅದರ ಹಿಂದೆ ನಮ್ಮದೂ ಇತ್ತು. ನಮ್ಮದನ್ನು ಹರಡಿದವನು ನನ್ನ ಮಗ, ಅಂದರೆ ಬಿದ್ದವಳ ಗಂಡ.

ನನಗೂ ನನ್ನ ಸೊಸೆಗೂ ಅಷ್ಟಕ್ಕಷ್ಟೇ. ಅವಳ ಸಾರಿಗೆ ಉಪ್ಪು ಕಡಿಮೆ, ಬಾಯಿಗೆ ಜಾಸ್ತಿ. ಆದರೆ ಅವಳು ಸೈಕಲ್ ಕಲಿತದ್ದು ಶೋಕಿಗಲ್ಲ. ಆದವಾನಿಯ ಹತ್ತಿ ಮಿಲ್ಲಿಗೆ ಕೆಲಸಕ್ಕೆ ಹೋಗುತ್ತಾಳೆ. ಹೊಳಗುಂದದ ಕಡೆಯಿಂದ ಬರುವ ಶೇರ್ ಆಟೋ ತುಂಬುವವರೆಗೆ ಹೊರಡುವುದಿಲ್ಲ, ತುಂಬಿದ ಮೇಲೆ ಹೆಂಗಸರಿಗೆ ಡ್ರೈವರನ ಮಗ್ಗುಲಲ್ಲಿ ಅರ್ಧ ಕುಂಡೆ ಊರುವಷ್ಟು ಜಾಗ. ಇಷ್ಟೆಲ್ಲ ಆಗಿ ಹೋಗುವಷ್ಟರಲ್ಲಿ ಮಿಲ್ಲಿನ ಮೇಸ್ತ್ರಿ ಗೇಟು ಹಾಕಿ, ಅವಳ ಜಾಗಕ್ಕೆ ಇನ್ನೊಬ್ಬಳನ್ನು ನಿಲ್ಲಿಸಿರುತ್ತಿದ್ದ. ಮೊಮ್ಮಗಳು ಹಾಸ್ಟೆಲ್ಲಿಗೆ ಹೋದ ಮೇಲೆ ಅವಳ ಸೈಕಲ್ ಗೋಡೆಗೆ ಒರಗಿ ಧೂಳು ತಿನ್ನುತ್ತಿತ್ತು. ಸೊಸೆ ಅದನ್ನು ಊರ ಹಿಂದಿನ ಬಯಲಿಗೆ ತಳ್ಳಿಕೊಂಡು ಹೋಗಿ, ಬಿದ್ದು ಎದ್ದು ಕಲಿತಳು.

ಸೀರೆ ಉಟ್ಟವಳು ಸೈಕಲ್ ತುಳಿದು ಬಂದ ದಿನ ಊರೆಲ್ಲ ಬಾಗಿಲಿಗೆ ಬಂದಿತ್ತು. ಕಟ್ಟೆಯ ಮೇಲಿನ ಮುದುಕನೊಬ್ಬ ಕೂಗಿದ: "ಏನವಾ, ಸರ್ಕಸ್ಸಿಗೆ ಸೇರೀಯೇನು?"

"ಹೌದ ಮಾವ, ಟಿಕೀಟು ತಗೊಂಡು ನೋಡ್ರಿ" ಎಂದು ಇವಳು ನಿಲ್ಲದೆ ಹೋದಳು.

ಬಿದ್ದದ್ದರಲ್ಲಿ ಅವಳ ಮುಂಗೈ ಮುರಿಯಿತು. ಕಾರಿನವನು ಅವಳನ್ನು ಆಸ್ಪತ್ರೆಗೆ ಬಿಟ್ಟು ಹೋದ. ಅದನ್ನೇ ಕಟ್ಟೆಯವರು "ಎಂಥಾ ಛಲೋ ಮನಷ್ಯಾ" ಎಂದು ವಾರಗಟ್ಟಲೆ ಹೊಗಳಿದರು. ಗುದ್ದಿದವನು ಛಲೋ ಮನುಷ್ಯ, ಗುದ್ದಿಸಿಕೊಂಡವಳು ಅಡ್ಡ ಬಂದವಳು. ಮಿಲ್ಲಿನ ಮೇಸ್ತ್ರಿ ಮಾತ್ರ ನೇರವಾಗಿ ಹೇಳಿ ಕಳಿಸಿದ: ಕೈ ಕೂಡಿದ ಮೇಲೆ ಬರಲಿ, ಆದರೆ ಹೊತ್ತಿಗೆ ಸರಿಯಾಗಿ ಬರಲಿ, ತಡವಾದರೆ ಬರುವುದೇ ಬೇಡ.

ಕೈ ಕೂಡಿತು. ಅಷ್ಟರಲ್ಲಿ ರಸ್ತೆಯ ಮೇಲಿನ ಶೇಂಗಾ ಹೋಗಿ ಜೋಳ ಬಂದಿತ್ತು. ಕಲ್ಲುಗಳು ಮಾತ್ರ ಅವೇ. ಅವಳು ಮತ್ತೆ ಕೆಲಸಕ್ಕೆ ಹೊರಡಬೇಕಾದ ಹಿಂದಿನ ದಿನ ನಮ್ಮ ಊರಲ್ಲಿ ರಸ್ತೆ ಸುರಕ್ಷತೆಯ ಸಭೆಯಾಯಿತು. ಎಲ್ಲಿ ಎನ್ನುತ್ತೀರಿ? ರಸ್ತೆಯಲ್ಲೇ. ಆ ಕಡೆಯ ಅಂಚಿಗೆ ಜೋಳ, ಈ ಕಡೆಯ ಅಂಚಿಗೆ ಶಾಮಿಯಾನ. ನಡುವೆ ಉಳಿದ ಕಿರುದಾರಿಯಲ್ಲಿ ಲಾರಿಗಳು ಹಾರನ್ ಹೊಡೆಯುತ್ತ ನುಸುಳುತ್ತಿದ್ದವು, ಮೈಕಿನಲ್ಲಿ ಸುರಕ್ಷತೆ ನಡೆಯುತ್ತಿತ್ತು.

ಕಾರು, ಮೋಟಾರು ಇರುವವರು ಕುರ್ಚಿಯಲ್ಲಿ ಕೂತಿದ್ದರು. ಸೈಕಲ್ಲಿನವರು, ನಡೆಯುವವರು ಬಿಸಿಲಲ್ಲಿ ನಿಂತಿದ್ದರು. ಬುದ್ಧಿ ಹೇಳಿದ್ದು ನಿಂತವರಿಗೆ. ಪಟ್ಟಣದಿಂದ ಬಂದ ಸಾಹೇಬರು ತೆಲುಗಿನಲ್ಲಿ ಹೇಳಿದರು: ಸೈಕಲ್ಲಿನವರು ಎಡಗಡೆಯೇ ಹೋಗಬೇಕು. ಹೆಂಗಸರು ಸೆರಗು ಬಿಗಿಯಬೇಕು. ಸೈಕಲ್ಲಿನ ಹಿಂದೆ ಕೆಂಪು ಸ್ಟಿಕ್ಕರ್ ಅಂಟಿಸಿಕೊಳ್ಳಬೇಕು. ಈಚೆಗೆ ಇದೇ ಊರಲ್ಲಿ ಒಬ್ಬ ಹೆಣ್ಣುಮಗಳ ಸೈಕಲ್ ಅಡ್ಡ ಬಂದು ಅನಾಹುತವಾಗಿದೆ, ಅದನ್ನು ನೋಡಿಯಾದರೂ ಕಲಿಯಬೇಕು. ಆ ಹೆಣ್ಣುಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು, ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು. ಹಿಂದಿನಿಂದ ಗುದ್ದುವವರಿಗೆ ಏನಾದರೂ ಬುದ್ಧಿ ಹೇಳುತ್ತಾರೇನೋ ಎಂದು ಕಾದೆ. ಅವರಿಗೆ ಚಹಾ ಕೊಟ್ಟರು.

ನನಗೆ ತೆಲುಗು ಬರುತ್ತದೆ. ಆದರೆ ಸಿಟ್ಟು ಬಂದಾಗ ಕನ್ನಡವೇ ಬರುತ್ತದೆ. "ಸಾಹೇಬ್ರ" ಎಂದೆ, "ಎಡಕ್ಕ ಹೋಗ್ರಿ ಅಂತೀರಿ. ಯಾ ಎಡಕ್ಕ? ಹೋಗಾಗ ಎಡಕ್ಕ ಜೋಳ ಐತಿ. ಬರಾಗ ಎಡಕ್ಕ ನಿಮ್ಮ ಶಾಮಿಯಾನ ಐತಿ. ನನ್ನ ಸೊಸಿ ಸೈಕಲ್ಲು ಹೊತಗೊಂಡು ಹಾರಬೇಕೇನು?"

ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. "ಅವ್ವ ಬಾಗಾ ಮಾಟ್ಲಾಡುತುಂದಿ" ಎಂದು ಮೆಚ್ಚಿ, ನನಗೊಂದು ಸ್ಟಿಕ್ಕರ್ ಕೊಡಿಸಿದರು. ಚೆನ್ನಾಗಿ ಮಾತಾಡುತ್ತೇನಂತೆ. ಪ್ರಶ್ನೆ ಕೇಳಿದವಳಿಗೆ ಉತ್ತರ ಕೊಡುವ ಬದಲು ಸ್ಟಿಕ್ಕರ್ ಕೊಡುವ ವಿದ್ಯೆಯನ್ನು ಯಾವ ಶಾಲೆಯಲ್ಲಿ ಕಲಿಸುತ್ತಾರೋ. ನಾನು ಮೂರನೇ ತರಗತಿಗೇ ಬಿಟ್ಟವಳು, ಅಲ್ಲಿವರೆಗೆ ಆ ಪಾಠ ಬಂದಿರಲಿಲ್ಲ. ಸಾಹೇಬರ ಜೀಪು ಹೋಗುವಾಗ ಜೋಳದ ಕಲ್ಲಿಗೆ ತಾಗದಂತೆ ಎಷ್ಟು ಜೋಪಾನವಾಗಿ ಸುತ್ತಿ ಹೋಯಿತು! ರಸ್ತೆಯ ನಟ್ಟನಡುವೆಯೇ ಹೋಯಿತು. ಅದನ್ನು ಯಾರೂ ಅಡ್ಡ ಬಂತು ಅನ್ನಲಿಲ್ಲ.

ಸಭೆ ಮುಗಿದ ಮೇಲೆ ಪಕ್ಕದ ಮನೆಯವನು ಮುಖ ಊದಿಸಿಕೊಂಡು ಬಂದ. "ಎಲ್ಲಾರ ಮುಂದ ನಮ್ಮ ಜೋಳದ ಮ್ಯಾಲ ಬಿದ್ದೆಲ್ಲಕ್ಕ."

"ನಾ ಎಲ್ಲಿ ಬಿದ್ದೆನಪ್ಪ? ಬಿದ್ದಾಕಿ ನನ್ನ ಸೊಸಿ."

"ಹಂಗಲ್ಲಕ್ಕ. ಅವತ್ತು ಶೇಂಗಾ ಏನು ಎದ್ದು ಹೋಗಿ ಗುದ್ದೀತೇನು?"

"ಇಲ್ಲ. ಅದು ಬಿದ್ಕೊಂಡಿತ್ತು, ನಿನ್ನಂಗ."

ಸಂಜೆ ಮಗ ಶುರು ಮಾಡಿದ. ಅವನದು ಕಟ್ಟೆಯಲ್ಲಿ ಕೇಳಿ ಬಂದ ಬುದ್ಧಿ. "ಯವ್ವ, ಈ ಸೈಕಲ್ಲು ಗುಜರಿಯವಗ ಹಾಕಿಬಿಡ್ತೀನಿ. ರಸ್ತಿ ಹೆಣ್ಮಕ್ಕಳಿಗೆ ಹೇಳಿದ್ದಲ್ಲ. ಸಾಹೇಬ್ರು ಸುದ್ದಾ ಅದನ್ನ ಹೇಳಿದ್ರು."

ಸಾಹೇಬರು ಹಾಗೆ ಹೇಳಿರಲಿಲ್ಲ. ಆದರೆ ಇಂಥ ಸಭೆಗಳಿಂದ ಗಂಡಸರು ಮನೆಗೆ ಹೊತ್ತು ತರುವುದು ತಮಗೆ ಬೇಕಾದದ್ದನ್ನೇ.

ಸೊಸೆ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು, ಮುರಿದು ಕೂಡಿದ ಕೈಯನ್ನು ಸ್ವಲ್ಪ ವಾರೆ ಹಿಡಿದು. ಬಾಯಿಗೆ ಉಪ್ಪು ಜಾಸ್ತಿ ಎಂದೆನಲ್ಲ, ಆ ಬಾಯಿ ಅವತ್ತು ಸಪ್ಪಗಾಗಿತ್ತು. ಮೆಲ್ಲಗೆ ಕೇಳಿದಳು: "ಅತ್ತಿ, ಹಂಗಾದ್ರ ನಾಳಿಗೆ ಆಟೋಕ್ಕ ಹೋಗಲೇನು?"

ನನಗೆ ಮೈಯೆಲ್ಲ ಉರಿಯಿತು. ಆಟೋಕ್ಕೆ ಹೋದರೆ ತಡವಾಗುತ್ತದೆ, ತಡವಾದರೆ ಕೆಲಸ ಹೋಗುತ್ತದೆ. ಅದು ಅವಳಿಗೆ ಗೊತ್ತು, ನನಗೆ ಗೊತ್ತು, ಅಲ್ಲಿ ಗೋಡೆಗೆ ಒರಗಿ ಹಲ್ಲು ಕೆದಕುತ್ತಿದ್ದ ನನ್ನ ಮಗನಿಗೂ ಗೊತ್ತು. ಸರ್ಕಸ್ಸಿನ ಟಿಕೀಟು ತಗೊಳ್ಳಿರಿ ಎಂದವಳು ಈಗ ನನ್ನ ಅಪ್ಪಣೆ ಕೇಳುತ್ತಿದ್ದಳು.

"ಗುಜರಿಗೆ ಆಮ್ಯಾಲ ಹಾಕುವಂತಿ. ಮೊದಲ ನಿನ್ನ ಜೋಳ ಮಾಳಿಗಿಗೆ ಹಾಕು" ಎಂದೆ ಮಗನಿಗೆ.

"ಯಾರು ಹೊರಬೇಕು ಯವ್ವ ಅದನ್ನ? ನಾವೊಬ್ರು ತೆಗೆದ್ರ ಏನಾಗ್ತತಿ? ಸಾಲಿನಾಗ ಎಲ್ಲಾರದೂ ಐತಿ."

"ಕೈ ಮುರಿಯೋವಾಗ ಎಲ್ಲಾರದೂ ಮುರೀತೇನು? ನಿನ್ನ ಹೆಂಡ್ತೀದು ಒಂದ ಮುರೀತು."

ಅವನು ಎದ್ದು ಕಟ್ಟೆಗೆ ಹೋದ. ಮಾತು ಸಿಗದ ಗಂಡಸರಿಗೆ ಕಟ್ಟೆ ಇದ್ದೇ ಇರುತ್ತದೆ. ಸೊಸೆಗೆ ನಾನು "ಆಟೋದ ಮಾತು ಎತ್ತಬ್ಯಾಡ, ರೊಟ್ಟಿ ಹೊತ್ತಾಕತ್ತೇತಿ ನೋಡು" ಎಂದೆ. ಅಷ್ಟೇ. ತಲೆ ಸವರುವ ಅಭ್ಯಾಸ ನನಗಿಲ್ಲ.

ಮರುದಿನ ಬೆಳಗಾಗುತ್ತಲೇ ಬಿದಿರು ಪೊರಕೆ ಹಿಡಿದು ರಸ್ತೆಗಿಳಿದೆ. ಮೊದಲು ನಮ್ಮ ಜೋಳ. ಗುಡಿಸಿ ಗುಡ್ಡೆ ಹಾಕಿ, ಮಗನನ್ನು ಕೂಗಿ ಎಬ್ಬಿಸಿ, ಚೀಲ ಅವನ ಕಾಲ ಹತ್ತಿರ ಒಗೆದೆ. ಗೊಣಗುತ್ತ ತುಂಬಿದ, ಗೊಣಗುತ್ತ ಮಾಳಿಗೆಗೆ ಹೊತ್ತ. ಮೊಣಕಾಲಿಗೆ ಏನೂ ಆಗಲಿಲ್ಲ. ಆಮೇಲೆ ಪಕ್ಕದ ಮನೆಯವನ ಜೋಳಕ್ಕೆ ಕೈ ಹಾಕಿದೆ. ಅದನ್ನು ತೆಗೆಯುವ ಹಕ್ಕು ನನಗಿಲ್ಲ. ಹಾಗಾಗಿ ಟಾರಿನ ಅಂಚಿನಿಂದ ಆಚೆ ಮಣ್ಣಿನ ಕಡೆಗೆ ಒತ್ತರಿಸಿ ಗುಡಿಸಿದೆ, ಕಲ್ಲುಗಳನ್ನು ಒಂದೊಂದಾಗಿ ಉರುಳಿಸಿ ಒಳಗೆ ಸರಿಸಿದೆ, ಒಂದು ಸೈಕಲ್ ಧಾರಾಳವಾಗಿ ಹೋಗುವಷ್ಟು.

ಅವನು ಬಾಯಲ್ಲಿ ಬೇವಿನ ಕಡ್ಡಿ ಕಚ್ಚಿಕೊಂಡೇ ಹೊರಗೆ ಓಡಿ ಬಂದ. "ಅಕ್ಕ! ಏನಕ್ಕ ಮಾಡಾಕತ್ತಿ ನಮ್ಮ ಜೋಳಾನ?"

"ಏನಿಲ್ಲಪ್ಪ" ಎಂದೆ. "ಜೋಳ ಅಡ್ಡ ಬಂತು."

ಅವನ ಬಾಯಲ್ಲಿದ್ದ ಕಡ್ಡಿ ಕೆಳಗೆ ಬಿತ್ತು. ನನ್ನ ಹಿಂದೆ ಸೈಕಲ್ಲಿನ ಗಂಟೆ ಕೇಳಿಸಿತು. ಸೊಸೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾನು ಗುಡಿಸಿದ ಎಡಗಡೆಯಲ್ಲೇ ತುಳಿಯುತ್ತ ಬಂದಳು. ದಾರಿಯಲ್ಲಿ ನಾನೇ ನಿಂತಿದ್ದೆ. ಪೊರಕೆ ಎತ್ತಿಕೊಂಡು ಪಕ್ಕಕ್ಕೆ ಸರಿದೆ. ಅವಳು ದಾಟಿದ ಮೇಲೆ, ಸಾಲಿನಲ್ಲಿ ಮುಂದಿನ ಮನೆಯವರ ಜೋಳ ಗುಡಿಸಲು ಹೋದೆ.