ಮೂಲೆ ಕತ್ತರಿಸಿದ ಕೌದಿ

ನಾವು ಸಿದ್ದಿಗಳು. ಎಂದೋ ನಮ್ಮ ಹಿರಿಯರು ಆಫ್ರಿಕಾದಿಂದ ಬಂದವರಂತೆ. ನಾವಂತೂ ಕಲಘಟಗಿ ಸಂತೆಯ ಜನ. ನಮ್ಮ ಕೇರಿಯಲ್ಲಿ ಪದವಿ ಪಡೆದವಳು ನಾನೇ ಮೊದಲು. ದಿನಾ ಹುಬ್ಬಳ್ಳಿಗೆ ಹೋಗಿ ಬಂದು ವಸ್ತ್ರವಿನ್ಯಾಸ ಕಲಿತೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ದೇವಿಕೊಪ್ಪದ ಕಾಡಂಚಿಗೆ ಧಾರಾವಾಹಿಯವರು ಬಂದು, ಸಿದ್ದಿ ಹೆಂಗಸರ ಕಥೆ, ವೇಷಭೂಷಣಕ್ಕೊಬ್ಬಳು ಸಹಾಯಕಿ ಬೇಕು ಎಂದಾಗ, ಪರದೆಯ ಮೇಲೆ ನನ್ನ ಹೆಸರು ಬರುತ್ತದೆಂದು ಹಿಗ್ಗಿದೆ.

ಅವರ ಮುಖ್ಯ ವಿನ್ಯಾಸಕ ಬೆಂಗಳೂರಿನವನು. ಟ್ರಂಕು ತೆರೆದರೆ ಚಿರತೆ ಚುಕ್ಕಿಯ ಲಂಗ, ಕೋಳಿಪುಕ್ಕ, ಪ್ಲಾಸ್ಟಿಕ್ ಎಲುಬಿನ ಸರ. ನಾಯಕಿಗೆ ಬಳಿಯಲು ಡಬ್ಬಿ ತುಂಬ ಕಪ್ಪು ಬಣ್ಣ. ಕಪ್ಪು ಮೈಯವರು ನಾವಿಷ್ಟು ಜನ ಎದುರಿಗೇ ನಿಂತಿದ್ದೆವು. ಹಿಂದೆ ಗುಂಪಾಗಿ ನಿಲ್ಲಲಷ್ಟೇ ಆತನಿಗೆ ಸಾಕಾದೆವು. ನಮ್ಮವರು ಉಡುವುದು ಹತ್ತಿ ಸೀರೆ, ಕುಬಸ ಎಂದೆ.

“ಅದನ್ನ ಎಲ್ಲರೂ ಉಡ್ತಾರೆ. ಆಫ್ರಿಕಾ ಫೀಲ್ ಬರಲ್ಲ,” ಎಂದ.

ಆಫ್ರಿಕಾವನ್ನು ಆತ ನೋಡಿದ್ದು ಬಹುಶಃ ಮಕ್ಕಳ ಬಣ್ಣದ ಪುಸ್ತಕದಲ್ಲಿ.

ಕೂಸಿನ ದೃಶ್ಯಕ್ಕೆ ಕೌದಿ ಬೇಕಾಯಿತು. ಗುಂಪಿನಲ್ಲಿ ನಿಲ್ಲಲು ಬಂದಿದ್ದ ನಮ್ಮ ದೊಡ್ಡವ್ವ ಹಳೆಯ ಸೀರೆಗಳಿಂದ ತನ್ನ ಮೊಮ್ಮಗನಿಗೆ ಹೊಲಿದದ್ದನ್ನು ಕೊಟ್ಟಳು. ನಮ್ಮ ಹೆಂಗಸರು ಕೌದಿಯನ್ನು ಅಂಚಿನಿಂದ ಒಳಕ್ಕೆ ಹೊಲಿಯುತ್ತಾರೆ. ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ಹೂ ಹಚ್ಚಿದರೇ ಅದು ಮುಗಿದಂತೆ. ಅಲ್ಲಿಯವರೆಗೆ ಕೂಸಿಗೆ ಹೊದಿಸುವುದಿಲ್ಲ. ನಾನು ಊಟ ಮಾಡಿ ಬರುವಷ್ಟರಲ್ಲಿ ಆ ಮಹಾಶಯ ನಾಲ್ಕೂ ಹೂ ಕತ್ತರಿಸಿ ಎಸೆದಿದ್ದ. ಕ್ಯಾಮೆರಾದಲ್ಲಿ ಒಡ್ಡೊಡ್ಡಾಗಿ ಕಾಣುತ್ತವಂತೆ!

ದೊಡ್ಡವ್ವ ಕೌದಿ ಎತ್ತಿ ನೋಡಿದಳು.

“ಯಾಕೋ ತಮ್ಮಾ, ಇದನ್ನ ಬತ್ತಲಿ ಮಾಡೀದಿ?”

“ಅಮ್ಮಾ, ಬರೀ ಚೂರು ಬಟ್ಟೆ...”

“ನಿನ್ನ ಅಂಗಿ ಕಾಲರೂ ಚೂರು ಬಟ್ಟೀನ. ಕತ್ರಿ ಕೊಡ ಇಲ್ಲೆ.”

ಗುಂಪಿಗೆಂದು ಬಂದಿದ್ದ ಹೆಂಗಸರು ಗೊಳ್ಳೆಂದು ನಕ್ಕರು. “ಕಾಲರ್ ಅಷ್ಟ ಯಾಕ ಬೇ, ಪ್ಯಾಂಟಿನ ಗುಂಡೀನೂ ತಗಿ!” ಎಂದು ಒಬ್ಬಳು ಕೂಗಿದಳು. ಆಮೇಲೆ ಎಲ್ಲರೂ ದೊಡ್ಡವ್ವನ ಹಿಂದೆ ಮನೆಗೆ ನಡೆದುಬಿಟ್ಟರು.

ಗುಂಪಿಲ್ಲದೆ ಚಿತ್ರೀಕರಣ ನಿಂತಿತು. ಆತ ನನ್ನ ಬಳಿ ಬಂದ.

“ಅವರನ್ನ ವಾಪಸ್ ಕರ್ಕೊಂಡು ಬಾ. ಸಹಾಯಕಿ ಅಂತಲ್ಲ, ನನ್ನ ಜೊತೆಗೇ ನಿನ್ನ ಹೆಸರು ಹಾಕಿಸ್ತೀನಿ.”

ಆಸೆಯಾಯಿತು; ಸುಳ್ಳು ಹೇಳಲಾರೆ. ಆ ಪುಕ್ಕಗಳ ಕೆಳಗೆ ನನ್ನ ಹೆಸರನ್ನು ಮನಸ್ಸಿನಲ್ಲೇ ಒಮ್ಮೆ ಓದಿಕೊಂಡೆ.

“ಸಹಾಯಕಿ ಅಂತನೂ ಹಾಕಬ್ಯಾಡ್ರಿ,” ಎಂದು ಅಳತೆ ಟೇಪು ಸುತ್ತಿಕೊಂಡು ಹೊರಟೆ.

ಧಾರಾವಾಹಿ ಬಂದ ದಿನ ಅವ್ವ ಟೀವಿಯ ಮುಂದೆ ಕುಳಿತು ಕೇಳಿದಳು:

“ಇದರಾಗ ನೀ ಹೊಲದದ್ದು ಯಾವುದಬೇ?”

“ಒಂದೂ ಇಲ್ಲವ್ವಾ.”

“ಹಂಗಾದ್ರ ಬಂದ್ ಮಾಡ. ಕರೆಂಟರೆ ಉಳೀತದ.”