ಮೇಲಿಟ್ಟ ಕೊಬ್ಬರಿ

ಬಿಳಿಗೆರೆಯ ರಾಧಾಮಣಿಯ ಕೈ ಹಾಯ್ದು ಬಂದ ಕೊಬ್ಬರಿಗೆ ತಿಪಟೂರು ಮಾರುಕಟ್ಟೆಯಲ್ಲಿ ಬೇರೆಯೇ ಮರ್ಯಾದೆ. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಸುಲಿದು, ಚಿಪ್ಪು ಒಡೆದು, ಉಂಡೆಯಾಗಿ ಬಿದ್ದದ್ದನ್ನು ಆರಿಸುವುದು ಅವಳ ಕೆಲಸ. ಬೂಷ್ಟು ಹಿಡಿದದ್ದು, ಕೌಟು ವಾಸನೆಯದು ಚೀಲದ ತಳಕ್ಕೆ. ದುಂಡಗೆ ಲಕ್ಷಣವಾಗಿದ್ದದ್ದು ಮೇಲಕ್ಕೆ. ಇದನ್ನು ಕಲಿಸಿದವಳು ಅತ್ತೆ. ಮೋಸ ಅಲ್ಲವೇ ಎಂದು ಯಾರಾದರೂ ಕೇಳಿದರೆ ರಾಧಾಮಣಿ ನಗುತ್ತಿದ್ದಳು. ಹೆಣ್ಣು ತೋರಿಸುವ ದಿನ ಮಗಳಿಗೆ ಹರಕು ಸೀರೆ ಉಡಿಸುತ್ತಾರೆಯೇ?

ಆ ನಗು ಹೋದ ವರ್ಷ ನಿಂತಿತು. ಗಂಡ ತೋಂಟದಾರ್ಯನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಷನ್ ಆಯಿತು, ಔಷಧಿಯೂ ಮುಗಿಯಿತು, ಆದರೆ ಭಯ ಮುಗಿಯಲಿಲ್ಲ. ಮತ್ತೆ ಬಂದುಬಿಟ್ಟರೆ? ಅವನು ಅರ್ಧ ಮುದ್ದೆ ಬಿಟ್ಟೆದ್ದರೆ ಅವಳು ಆ ತಟ್ಟೆಯನ್ನೇ ನೋಡುತ್ತಾ ಕೂರುವಳು. ಬಚ್ಚಲಿನಲ್ಲಿ ಸ್ವಲ್ಪ ತಡವಾದರೆ ಬಾಗಿಲ ಹೊರಗೆ ಕಿವಿಗೊಟ್ಟು ನಿಲ್ಲುವಳು. ತೋಟದಲ್ಲಿ ಹಾವು ಕಂಡರೂ ಹೆದರದ ಹೆಂಗಸು!

ಹೀಗಿರುವಾಗ ಆಪರೇಷನ್ ಮಾಡಿದ ಆಸ್ಪತ್ರೆಯಿಂದ ಜೀವಿತಾ ಎಂಬ ನರ್ಸ್ ಮನೆಗೆ ಬಂದಳು. ಜೊತೆಗೊಂದು ಐಸ್ ಡಬ್ಬ, ಅದರಲ್ಲಿ ಚಿಕ್ಕ ಚಿಕ್ಕ ಬಾಟಲಿಗಳು.

"ಮನುಷ್ಯರ ಮೈಗೂ ಒಂದು ಗಡಿಯಾರ ಇರುತ್ತೆ ಕಣಮ್ಮ," ಎಂದಳು. "ಮೈಯೊಳಗಿನ ರಸಗಳಲ್ಲಿ ಹಗಲು ಏರೋದು ಏರ್ಬೇಕು, ರಾತ್ರಿ ಇಳಿಯೋದು ಇಳೀಬೇಕು. ಈ ಕಾಯಿಲೆ ಆದೋರಲ್ಲಿ ಅದು ಹೆಂಗೆ ನಡೀತೈತೆ ಅಂತ ಮೂತ್ರದಲ್ಲಿ ನೋಡ್ತೀವಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗೋ ಮುಂಚೆ, ಒಂದೊಂದು ಹೊತ್ತಿಗೆ ಒಂದೊಂದು ಬಾಟ್ಲಿ. ಅದಲುಬದಲು ಮಾಡ್ಬೇಡಿ."

ಮರುದಿನ ಬೆಳಿಗ್ಗೆ ತೋಂಟದಾರ್ಯ ಮಗ್ಗು ತಂದುಕೊಟ್ಟ. ಬಾಟಲಿಗೆ ಸುರಿದು ಬೆಳಕಿಗೆ ಹಿಡಿದವಳಿಗೆ ಜೀವ ಬಾಯಿಗೆ ಬಂತು. ಕಪ್ಪಿಗೆ ತಿರುಗಿದ ಹಳದಿ. ಇದನ್ನು ನೋಡಿದ ಡಾಕ್ಟರು ಏನೆಂದುಕೊಂಡಾರು? ಮಧ್ಯಾಹ್ನ ಎರಡು ಎಳನೀರು ಕುಡಿಸಿದಳು. ಆಮೇಲೆ ಬಂದದ್ದು ತಿಳಿನೀರಿನ ಹಾಗಿತ್ತು. ಅವಳು ಯೋಚಿಸಲಿಲ್ಲ, ಕೈಯೇ ಕೆಲಸ ಮಾಡಿತು. ಬೆಳಗಿನದನ್ನು ಕೊಟ್ಟಿಗೆಯ ಹಿಂದೆ ಚೆಲ್ಲಿ, ಬಾಟಲಿ ತೊಳೆದು, ಆ ತಿಳಿಯಾದದ್ದನ್ನೇ ಎಲ್ಲಕ್ಕೂ ತುಂಬಿದಳು. ಮನೆಯಿಂದ ಆಚೆ ಹೋಗುವ ಮಾಲು ಲಕ್ಷಣವಾಗಿರಬೇಕು.

ಮರುದಿನ ಜೀವಿತಾ ಬಂದು ನಾಲ್ಕು ಬಾಟಲಿ ಒಯ್ದಳು, ಮತ್ತೆ ಬೇಕಾದರೆಂದು ಒಂದು ಖಾಲಿ ಬಾಟಲಿ, ಇನ್ನೊಂದು ಐಸ್ ಡಬ್ಬ ಬಿಟ್ಟುಹೋದಳು. ಕೆಲವು ದಿನಗಳ ಮೇಲೆ ಅವಳ ಫೋನು ಬಂತು. ಜಗಲಿಯಲ್ಲಿ ಕೂತಿದ್ದ ತೋಂಟದಾರ್ಯನೇ ಎತ್ತಿಕೊಂಡು ಸ್ಪೀಕರ್ ಹಾಕಿದ.

"ನಿಮ್ಮ ನಾಲ್ಕು ಬಾಟ್ಲೀಲೂ ವ್ಯತ್ಯಾಸವೇ ಇಲ್ಲ," ಎಂದಳು ಜೀವಿತಾ. "ಗಡಿಯಾರ ನಿಂತಂಗೆ ಕಾಣ್ತೈತೆ. ಇದೊಂದರಿಂದಲೇ ಏನೂ ಹೇಳಕ್ಕಾಗಲ್ಲ. ಆದ್ರೂ ಒಂದ್ಸಲ ಬನ್ನಿ ಅಂದ್ರು ಡಾಕ್ಟ್ರು."

ತೋಂಟದಾರ್ಯನ ಕಿವಿಗೆ ಬಿದ್ದದ್ದು 'ನಿಂತಂಗೆ' ಎನ್ನುವುದಷ್ಟೇ. ಅವತ್ತು ಊಟಕ್ಕೆ ಏಳಲಿಲ್ಲ. ಅಟ್ಟದ ಕಡೆ ನೋಡುತ್ತಾ, "ಈ ಸಲದ ಕಾಯಿ ಇಳಿಸೋ ಹೊತ್ತಿಗೆ ನಾನಿರ್ತೀನೋ ಇಲ್ವೋ," ಎಂದ. ರಾಧಾಮಣಿಗೆ ಬಿಸಿತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಅವನು ಹೆದರುತ್ತಿರುವುದು ಅವಳು ಮಾಡಿದ ಸುಳ್ಳಿಗೆ. ಹಾಗೆಂದು ನಿಜ ಒಳ್ಳೆಯದೇ ಇದ್ದೀತೆಂದು ಯಾರು ಕಂಡರು? ನಿಜವನ್ನು ಅವಳು ಕೊಟ್ಟಿಗೆಯ ಹಿಂದೆ ಚೆಲ್ಲಿದ್ದಳಲ್ಲ.

ಸಂಜೆ ಹಸುವಿಗೆ ಹುಲ್ಲು ಹಾಕಿ ಬಂದವಳು ಅವನ ಕಾಲ ಬಳಿ ಕುಸಿದಳು.

"ನೀವು ಬೈದ್ರೂ ಸರಿ, ಹೊಡೆದ್ರೂ ಸರಿ ಕಣ್ರೀ. ನಾಲ್ಕಕ್ಕೂ ಮಧ್ಯಾಹ್ನದ್ದೇ ತುಂಬಿದ್ದೆ. ಬೆಳಿಗ್ಗೇದು ಕಪ್ಪಗಿತ್ತು, ಹೆದರ್ಕೊಂಡ್ಬುಟ್ಟೆ."

ಅವನು ಬೈಯಲಿಲ್ಲ. ನಿಟ್ಟುಸಿರು ಬಿಟ್ಟು ನಗುತ್ತಾನೆಂದು ಕಾದಳು. ನಗಲೂ ಇಲ್ಲ. ಟವಲಿನಿಂದ ಮುಖ ಒರೆಸಿಕೊಂಡ.

"ನೀನು ಹೇಳಿದೆ, ನಾನೂ ಹೇಳ್ಬುಡ್ತೀನಿ ಕಣೇ," ಎಂದ. "ಕಕ್ಕಸ್ಸಿಗೆ ಹೋದಾಗ ಮತ್ತೆ ರಕ್ತ ಬೀಳ್ತೈತೆ. ಯುಗಾದಿಯಿಂದ. ನೀನು ಬಾಗಿಲಾಚೆ ನಿಂತಿರ್ತೀಯಲ್ಲ, ಗೊತ್ತಾಗಬಾರ್ದು ಅಂತ ನೀರು ಹುಯ್ದು ಹುಯ್ದು ಬರ್ತಿದ್ದೆ."

ಇಷ್ಟು ದಿನ ರಾಧಾಮಣಿ ಕಾದು ಕೂತಿದ್ದ ಭಯ ಮನೆಯೊಳಗೇ ಇತ್ತು, ಇಬ್ಬರೂ ಅದರ ಮೇಲೆ ಚೆಂದದ್ದನ್ನು ಹರಡಿ ಮುಚ್ಚಿದ್ದರು. ಅಳು ಬರಲಿಲ್ಲ. ಫೋನು ಹುಡುಕಿ ಜೀವಿತಾಗೆ ಎರಡನ್ನೂ ಹೇಳಿದಳು.

"ಬಾಟ್ಲಿ ಮಾತು ಆಮೇಲೆ. ರಕ್ತ ಅಂದ್ರೆ ಕಾಯಂಗಿಲ್ಲ, ನಾಳೆನೇ ಬನ್ನಿ. ಬೆಳಿಗ್ಗೇದು ಮಾತ್ರ ಒಂದು ಹಿಡ್ಕೊಂಡು ಬಂದ್ಬುಡಿ," ಎಂದಳು ಆ ಹುಡುಗಿ.

ಬೆಳಿಗ್ಗೆ ತೋಂಟದಾರ್ಯ ಮಗ್ಗು ಕೊಟ್ಟು ಬಟ್ಟೆ ಹಾಕಿಕೊಳ್ಳಲು ಒಳಗೆ ಹೋದ. ಉಳಿದಿದ್ದ ಬಾಟಲಿಗೆ ಸುರಿದಳು. ಅದೇ ಕಡುಬಣ್ಣ. ಐಸ್ ಡಬ್ಬ ತುಂಬುವಾಗ ಅವಳ ಕೈ, ಹಳೇ ಚಾಳಿಯ ಕೈ, ಅದನ್ನು ಐಸಿನ ತಳಕ್ಕೆ ತಳ್ಳಿ ಮೇಲೆ ಬಟ್ಟೆ ಹೊದಿಸಿಯೇ ಬಿಟ್ಟಿತು. ಆ ಕೈಯನ್ನೇ ನೋಡಿದಳು. ಬಟ್ಟೆ ತೆಗೆದು, ಬಾಟಲಿಯನ್ನು ಎತ್ತಿ, ಮುಚ್ಚಳ ತೆರೆದ ಕೂಡಲೇ ಕಣ್ಣಿಗೆ ಬೀಳುವಂತೆ ಎಲ್ಲಕ್ಕೂ ಮೇಲಿಟ್ಟಳು.