ಅತ್ತಿಗೆಯ ಬ್ಲಾಗು ಮತ್ತು ಹಸಿರು ಗೀಟಿನ ತೋಳು

ನಮ್ಮ ಅತ್ತಿಗೆ ಟೈಲರು. ಹೊಲಿಗೆ ಯಂತ್ರದ ಪಕ್ಕದಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಬ್ಲಾಗು ಬರೆಯುತ್ತಾರೆ. ಪುರಸಭೆಯಿಂದ ಹಿಡಿದು ವಿಧಾನಸಭೆಯವರೆಗೆ ಯಾರನ್ನೂ ಬಿಡುವುದಿಲ್ಲ. ಅವರ ನಿಲುವು ಸರಳ: ಹಿರಿಯರು ಕಟ್ಟಿದ್ದನ್ನು ಕೆಡವುವ ಮೊದಲು ಹತ್ತು ಸಲ ಯೋಚಿಸಬೇಕು, ತೆರಿಗೆ ಏರಿಸುವ ಮೊದಲು ನೂರು ಸಲ. ರಾಜ್ಯದ ಬಜೆಟ್ ಮಂಡನೆಯಾದ ದಿನ ಅವರ ಅಂಗಡಿಗೆ ಗುಂಡಿ ಹಾಕಿಸಿಕೊಳ್ಳಲು ಹೋದವನ ಗತಿ ದೇವರೇ ಬಲ್ಲ. ನಾನು ವೆಲ್ಡಿಂಗ್ ಕೆಲಸದವನು, ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೂ ಅತ್ತಿಗೆ ಬರೆದದ್ದು ನನಗೆ ಅರ್ಥವಾಗುತ್ತದೆ. ದೊಡ್ಡ ಪತ್ರಿಕೆಯವರು ಬರೆದದ್ದು ಆಗುವುದಿಲ್ಲ. ತಪ್ಪು ಯಾರದು, ನೀವೇ ಹೇಳಿ.

ಪುರಸಭೆಯ ಸಭಾಂಗಣದಲ್ಲಿ ಜನರಿಗೆ ಕೂರಲು ಜಾಗ ಇರುವುದು ಹಿಂದುಗಡೆ. ಸದಸ್ಯರ ಕುರ್ಚಿಗಳ ಬೆನ್ನು ಎಷ್ಟು ಎತ್ತರವೆಂದರೆ, ಮತ ಹಾಕುವಾಗ ನಮಗೆ ಕಾಣುವುದು ಮೇಲೆದ್ದ ಕೈಗಳು ಮಾತ್ರ. ಹೆಸರು ಕೂಗುವ ಪದ್ಧತಿಯೂ ಇರಲಿಲ್ಲ, ಕೈ ಎಣಿಸಿ ಮುಗಿಸಿಬಿಡುತ್ತಿದ್ದರು. ಅತ್ತಿಗೆಗೆ ಅದು ಅಡ್ಡಿಯೇ ಅಲ್ಲ. ಅರ್ಧಕ್ಕರ್ಧ ಸದಸ್ಯರ ಅಂಗಿ ಹೊಲಿದವರು ಅವರೇ. ತೋಳು ನೋಡಿ ಆಳು ಹೇಳುತ್ತಾರೆ.

ಮನೆ ತೆರಿಗೆ ಏರಿಸುವ ಠರಾವು ಮೊದಲ ಸಲ ಬಂದ ದಿನ, ಬೇಕು ಎಂದು ಎದ್ದ ಕೈಗಳಲ್ಲಿ ಹಸಿರು ಗೀಟಿನ ತೋಳೊಂದಿತ್ತು.

"ಔಷಧಿ ಅಂಗಡಿಯವರದ್ದು," ಎಂದರು ಅತ್ತಿಗೆ. "ಆ ತೋಳಿನ ಪಟ್ಟಿಗೆ ಎರಡೆರಡು ಹೊಲಿಗೆ ಹಾಕಿದ್ದು ನಾನೇ."

ಔಷಧಿ ಅಂಗಡಿಯವರು ಎದುರು ಪಕ್ಷದ ಸದಸ್ಯರು. ತೆರಿಗೆ ಏರಿಸಲು ಬಿಡುವುದಿಲ್ಲ ಎಂದು ಮನೆಮನೆಗೂ ಹೇಳಿಕೊಂಡು ಬಂದಿದ್ದವರು. ಸಂಜೆಗೇ ಬ್ಲಾಗಿನಲ್ಲಿ 'ಬಾಯಿ ಬೇಡ ಅಂದಿತು, ಕೈ ಬೇಕು ಅಂದಿತು' ಎಂದು ಬಂತು. ನನಗೋ ಮೂಗಿನ ತುದಿಯಲ್ಲೇ ಕೋಪ. ನೆಟ್ಟಗೆ ಅವರ ಅಂಗಡಿಗೆ ಹೋಗಿ ಗಿರಾಕಿಗಳ ಮುಂದೆಯೇ ಬಾಯಿಗೆ ಬಂದದ್ದು ಅಂದೆ.

ಮಾರನೆಯ ದಿನ ಅವರೇ ಟೈಲರ್ ಅಂಗಡಿಗೆ ಬಂದರು.

"ಟೈಲರಮ್ಮ, ಆ ಅಂಗಿ ಈಗ ನನಗೆ ಆಗುತ್ತಾ? ಈ ಹೊಟ್ಟೆ ನೋಡಿ!"

"ಮತ್ತೆ ಅಂಗಿ ಎಲ್ಲಿ ಹೋಯ್ತು?"

"ನಮ್ಮನೆಯವಳು ಅವಳ ತಮ್ಮನಿಗೆ ಕೊಟ್ಟು ಆರು ತಿಂಗಳಾಯ್ತು. ಅವತ್ತು ನಾನು ಹಾಕಿದ್ದು ರೆಡಿಮೇಡು. ನಿಮಗೆ ಹೇಳೋಕೆ ನಾಚಿಕೆ, ಅಷ್ಟೆ."

ಆ ತಮ್ಮ ಎಂದರೆ ಸಿಮೆಂಟ್ ಅಂಗಡಿಯವರು. ಅವರೂ ಸದಸ್ಯರೇ, ಅದೂ ನಮ್ಮ ಕಡೆಯವರು. ಅತ್ತಿಗೆ ಬ್ಲಾಗಿನಲ್ಲಿ ಹಾಡಿ ಹೊಗಳಿ ಗೆಲ್ಲಿಸಿದವರು. ಫೋನ್ ಮಾಡಿ ಕೇಳಿದರೆ, "ಹೌದಕ್ಕಾ, ಎತ್ತಿದ್ದೆ. ಚುನಾವಣೆ ಹತ್ರ ಬಂತು, ದೊಡ್ಡದು ಮಾಡಬೇಡಿ," ಎಂದರು.

ನಾನೂ ಅದನ್ನೇ ಅಂದೆ. "ಸುಮ್ನಿದ್ಬಿಡಿ ಅತ್ತಿಗೆ. ನಮ್ಮ ಕಾಲಿಗೆ ನಾವೇ ಕೊಡಲಿ ಹಾಕ್ಕೊಳ್ಳೋದಾ? ಓದೋರೆಲ್ಲ ನಮ್ಮ ಕಡೆಯೋರೇ. ಒಬ್ರೂ ಉಳಿಯಲ್ಲ."

"ಕೆಡಿಸಿದ್ದು ನಾನು, ಬಿಚ್ಚಿ ಹೊಲೀಬೇಕಾದ್ದೂ ನಾನೇ. ನೀನು ಮೊದಲು ಹೋಗಿ ಆ ಮನುಷ್ಯನ ಹತ್ರ ತಪ್ಪಾಯ್ತು ಅನ್ನು."

"ನಾನಾ?"

"ಗಿರಾಕಿಗಳ ಮುಂದೆ ಬೈದೆಯಲ್ಲ, ಗಿರಾಕಿಗಳ ಮುಂದೇ ಅನ್ನು."

ಅಂದೆ. ಅರ್ಧ ಮಾತು ಗಂಟಲಲ್ಲೇ ಉಳಿಯಿತು. ಔಷಧಿ ಅಂಗಡಿಯವರು ಕೆಮ್ಮಿನ ಸೀಸೆಯೊಂದನ್ನು ಮುಂದಿಟ್ಟು, "ಗಂಟಲು ಕಟ್ಟಿದ ಹಾಗಿದೆ, ತಗೊಂಡು ಹೋಗಿ," ಎಂದರು. ಗಿರಾಕಿಗಳೆಲ್ಲ ಗೊಳ್ಳೆಂದರು. ನಾನು ಹಲ್ಲು ಕಚ್ಚಿಕೊಂಡು ಬಂದೆ.

ಅತ್ತಿಗೆ ಬರೆದರು: ತಪ್ಪು ನನ್ನದು, ಕೈ ನಮ್ಮವರದು. "ಎಷ್ಟಕ್ಕೆ ಮಾರಿಕೊಂಡೆಯಮ್ಮ?" ಎಂದು ನಮ್ಮವರೇ ಕೆಳಗೆ ಬರೆದರು. ವಾರದಲ್ಲಿ ಅರ್ಧ ಓದುಗರು ಮಾಯ. ಅತ್ತಿಗೆ ಮೂರು ದಿನ ಯಂತ್ರದ ಮುಂದೆ ತಲೆ ಎತ್ತದೆ ಕೂತರು.

ಅದೇ ಠರಾವು ಎರಡನೆಯ ಸಲ, ಕೊನೆಯ ಮತಕ್ಕೆ ಬಂದ ದಿನ ಹಾಗಿದ್ದೂ ಹೋದೆವು. ಬ್ಲಾಗಿನ ಗಲಾಟೆಯಿಂದಾಗಿ ಅಧ್ಯಕ್ಷರು ಒಬ್ಬೊಬ್ಬರ ಹೆಸರೂ ಕೂಗಿಸಿದರು. ಸಿಮೆಂಟ್ ಅಂಗಡಿಯವರು ತಮ್ಮ ಸರದಿ ಬಂದಾಗ ಎದ್ದು, ನಮ್ಮ ಕಡೆ ತಿರುಗಿ ಕೈ ಎತ್ತಿದರು.

"ನನ್ನದೇ ಕೈ ಅಕ್ಕಾ! ಚೆನ್ನಾಗಿ ನೋಡ್ಕೊಂಡು ಬರೀರಿ!"

ತೆರಿಗೆ ಏರಿತು. ನಾನು ಕೂಗಾಡಲು ಎದ್ದೆ. ಅತ್ತಿಗೆ ಅಂಗಿ ಹಿಡಿದು ಎಳೆದರು.

"ಕೂತ್ಕೊಳ್ಳೋ. ಬೇಡ ಅಂದವರು ಎಷ್ಟು ಜನ?"

"ಏಳು."

ಅತ್ತಿಗೆ ಚೀಟಿ ತೆಗೆದು ಏಳು ಹೆಸರನ್ನೂ ಬರೆದುಕೊಂಡರು, ಔಷಧಿ ಅಂಗಡಿಯವರದ್ದು ಎಲ್ಲಕ್ಕಿಂತ ಮೇಲೆ.